ರಜೆ ಮುಗಿಯುವ ಮೊದಲು ಅಂದರೆ ಯಾರ ರಜೆ?

‘ನಮ್ಮ ಮನೆಮಂದಿ’ ಗುಂಪು. ಮೇ ತಿಂಗಳ ಕೊನೆಯ ಭಾನುವಾರ.

ಮೈಸೂರು ಚಿಕ್ಕಪ್ಪ, ಬೆಳಗ್ಗೆ 7:12
(ಫಾರ್ವರ್ಡ್ ಆದದ್ದು) ಬೇಸಿಗೆ ರಜೆ ಮುಗಿಯುವ ಮೊದಲು ಮನೆಯ ಹೆಣ್ಣುಮಕ್ಕಳು ಓದಲೇಬೇಕಾದ 5 ಸ್ಫೂರ್ತಿಯ ಕಾದಂಬರಿಗಳು. ಶರಪಂಜರ – ತ್ರಿವೇಣಿ. ಫಣಿಯಮ್ಮ – ತ್ರಿವೇಣಿ. ಹಣ್ಣೆಲೆ ಚಿಗುರಿದಾಗ – ತ್ರಿವೇಣಿ. ಚಂದ್ರಗಿರಿಯ ತೀರದಲ್ಲಿ – ಸಾರಾ ಅಬೂಬಕ್ಕರ್. ಎದೆಯ ಹಣತೆ – ಬಾನು ಮುಷ್ತಾಕ್.

ಮೈಸೂರು ಚಿಕ್ಕಪ್ಪ, 7:13
ಎಲ್ಲರಿಗೂ ಶುಭೋದಯ. ಪಟ್ಟಿ ಚೆನ್ನಾಗಿದೆ. ಶಾಲೆ ಶುರುವಾಗಲು ಇನ್ನೂ ನಾಲ್ಕು ದಿನ ಇದೆ. ಒಂದೊಂದಾದರೂ ಓದಿ ಮುಗಿಸಿ.

ಶಿವಮೊಗ್ಗ ಅತ್ತೆ, 7:20
ಫಣಿಯಮ್ಮ ತ್ರಿವೇಣಿಯವರದಲ್ಲ ಕಣೋ. ಎಂ.ಕೆ. ಇಂದಿರಾ ಅವರದು, 1976. ನಮ್ಮ ತೀರ್ಥಹಳ್ಳಿಯವರ ಪುಸ್ತಕವನ್ನು ಮಂಡ್ಯದವರ ಹೆಸರಿಗೆ ಬರೆದಿದ್ದಾರೆ. ಓದದೇ ಇದ್ದವರು ಮಾಡಿದ ಪಟ್ಟಿ ಅಂತ ಇಲ್ಲೇ ಗೊತ್ತಾಗುತ್ತದೆ.

ಮೈಸೂರು ಚಿಕ್ಕಪ್ಪ, 7:24
ಹೌದಾ ಅಕ್ಕ. ನನಗೆ ಹೇಗೆ ಬಂತೋ ಹಾಗೇ ಕಳಿಸಿದೆ.

ಹಾಸನದ ಭಾವ, 7:40
ಎದೆಯ ಹಣತೆ ಕಾದಂಬರಿಯೂ ಅಲ್ಲ. ಅದು ಸಣ್ಣ ಕಥೆ.

ಹಾಸನದ ಅಕ್ಕ, 7:41
ಸಣ್ಣ ಕಥೆ ಆದರೆ ಏನಾಯಿತು? ಬಾನು ಮೇಡಂ ನಮ್ಮ ಊರಿನವರು. ಅವರ 12 ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ಮಾಡಿದರು, 2025ರ ಮೇ ತಿಂಗಳಲ್ಲಿ ಇಂಟರ್‌ನ್ಯಾಷನಲ್ ಬುಕರ್ ಬಂತು. ಕನ್ನಡಕ್ಕೆ ಮೊದಲ ಸಲ. ಕಥೆಗಳ ಪುಸ್ತಕಕ್ಕೆ ಆ ಬಹುಮಾನ ಬಂದದ್ದೂ ಮೊದಲ ಸಲ. ಆ ಕಥೆ ಪಟ್ಟಿಯಲ್ಲಿ ಇರಲಿ.

ಪುಟ್ಟಿ, 8:05
ಅಪ್ಪ, ಬೇಜಾರು ಮಾಡ್ಕೋಬೇಡಿ. ಇದರಲ್ಲಿ ಸ್ಫೂರ್ತಿ ಎಲ್ಲಿದೆ? ಶರಪಂಜರದ ಕಾವೇರಿ ಕೊನೆಗೆ ಮತ್ತೆ ಹುಚ್ಚಾಸ್ಪತ್ರೆಗೆ ಹೋಗುತ್ತಾಳೆ. ಚಂದ್ರಗಿರಿಯ ತೀರದಲ್ಲಿಯ ನಾದಿರಾ ಮಸೀದಿಯ ಕೊಳದಲ್ಲಿ ಸಾಯುತ್ತಾಳೆ. ಫಣಿಯಮ್ಮ ಹಾಲುಗಲ್ಲದ ಹುಡುಗಿಯಾಗಿದ್ದಾಗಲೇ ವಿಧವೆ. ಎದೆಯ ಹಣತೆಯಲ್ಲಿ ತಾಯಿ ಸೀಮೆಎಣ್ಣೆ ಸುರಿದುಕೊಂಡು ನಿಂತಿರುತ್ತಾಳೆ. ರಜೆಯಲ್ಲಿ ಇದನ್ನೆಲ್ಲ ಓದಿ ನಾನು ಯಾವ ಧೈರ್ಯ ತಗೋಬೇಕು? ನನಗೆ ಗೆದ್ದವಳ ಕಥೆ ಬೇಕು. ಅದು ತಪ್ಪಾ?

ಹಾಸನದ ಭಾವ, 8:07
ಎಲ್ಲ ಪುಸ್ತಕದ ಕೊನೆಯನ್ನೂ ಹೇಳಿಬಿಟ್ಟೆಯಲ್ಲಮ್ಮ. ಆದರೆ ಪುಟ್ಟಿ ಹೇಳುವುದು ಸರಿ. ಮುಂಚೆಯಿಂದಲೂ ಹೆಂಗಸರು ಬರೆದದ್ದನ್ನು ಅಡುಗೆಮನೆ ಸಾಹಿತ್ಯ ಅಂತ ಕರೆಯುತ್ತಿದ್ದರು. ಬರೀ ಅಳು.

ಶಿವಮೊಗ್ಗ ಅತ್ತೆ, 8:15
ಅಳಿಯಂದಿರೇ, ಆ ಮಾತು ಬೇಡ. ಆ ಮಾತನ್ನು ಹುಟ್ಟಿಸಿದವರು ಅಡುಗೆಮನೆಯಲ್ಲಿ ಏನು ನಡೆಯುತ್ತದೆ ಅಂತ ನೋಡಲೂ ಇಲ್ಲ. ಇಂದಿರಾ ಅವರಿಗೆ 12ನೇ ವಯಸ್ಸಿಗೆ ಮದುವೆ ಆಯಿತು. ಮೊದಲ ಕಾದಂಬರಿ ತುಂಗಭದ್ರ ಬಂದದ್ದು 1963ರಲ್ಲಿ, ಆಗ ಅವರಿಗೆ 46. ಅಷ್ಟು ವರ್ಷ ಅಡುಗೆಮನೆ, ಬಾಣಂತನ, ಹಬ್ಬ ಎಲ್ಲ ಮಾಡಿಕೊಂಡೇ ತಲೆಯಲ್ಲಿ ಕಥೆ ಕೂಡಿಟ್ಟುಕೊಂಡು ಬಂದವರು. ಪುಟ್ಟಿ, ನಿನಗೆ ಗೆದ್ದವಳ ಕಥೆ ಬೇಕಿದ್ದರೆ ಮೊದಲು ಬರೆದವರ ಕಥೆಯನ್ನೇ ಓದು.

ಪುಟ್ಟಿ, 8:19
ಬರೆದವರು ಗೆದ್ದರು ಅತ್ತೆ, ಒಪ್ಪುತ್ತೇನೆ. ಆದರೆ ಅವರು ಬರೆದ ಹೆಂಗಸರು ಯಾಕೆ ಸೋಲಬೇಕು?

ನಾನು, 8:50
ಚಿಕ್ಕಪ್ಪ, ಸ್ಫೂರ್ತಿಯ ಜಗಳ ಆಮೇಲೆ. ಮೊದಲು ‘ರಜೆ ಮುಗಿಯುವ ಮೊದಲು’ ಅನ್ನುವುದಕ್ಕೆ ನನ್ನ ತಕರಾರು ಇದೆ. ಯಾರ ರಜೆ? ಈ ತಿಂಗಳು ನಮ್ಮ ಮನೆಯಲ್ಲಿ ಆರು ಮಕ್ಕಳು. ಬೆಳಗ್ಗೆ ದೋಸೆ ಎರಡು ಸರದಿ, ಹನ್ನೊಂದಕ್ಕೆ ಮಾವಿನಹಣ್ಣು, ಊಟ, ನಾಲ್ಕಕ್ಕೆ ಮತ್ತೆ ಏನಾದರೂ, ರಾತ್ರಿ ಹಾಸಿಗೆ ಹಾಸುವುದರಲ್ಲಿ ಹತ್ತು ಗಂಟೆ. ಏಪ್ರಿಲ್ ಎರಡನೇ ವಾರ ಹಿಡಿದ ಪುಸ್ತಕದಲ್ಲಿ ಇವತ್ತಿಗೂ 31ನೇ ಪುಟದಲ್ಲಿದ್ದೇನೆ. ಹೆಣ್ಣುಮಕ್ಕಳು ಓದಲೇಬೇಕು ಅಂತ ಪಟ್ಟಿ ಕಳಿಸುವವರು, ಅವರು ಓದುವಾಗ ಮಕ್ಕಳಿಗೆ ಊಟ ಬಡಿಸುವವರು ಯಾರು ಅಂತಲೂ ಒಂದು ಸಾಲು ಸೇರಿಸಬೇಕು. ನನ್ನ ಓದು ಶುರುವಾಗುವುದು ಶಾಲೆ ಶುರುವಾದ ದಿನ. ವ್ಯಾನು ತಿರುವು ದಾಟಿದ ಮೇಲೆ ಮನೆಯಲ್ಲಿ ಒಂದು ನಿಶ್ಶಬ್ದ ಬರುತ್ತದಲ್ಲ, ಅದೇ ನನ್ನ ರಜೆ.

ಹಾಸನದ ಅಕ್ಕ, 8:52
ನನ್ನ ಮನೆಯಲ್ಲೂ ಹೀಗೇ ಕಣೇ.

ಮೈಸೂರು ಚಿಕ್ಕಪ್ಪ, 8:58
ನಾನು ಆ ರೀತಿ ಯೋಚನೆ ಮಾಡಿರಲಿಲ್ಲ. ಒಳ್ಳೆಯದಾಗಲಿ ಅಂತ ಕಳಿಸಿದೆ.

ನಾನು, 9:00
ಗೊತ್ತು ಚಿಕ್ಕಪ್ಪ. ನಿಮ್ಮ ಮೇಲೆ ಕೋಪ ಇಲ್ಲ.

ಅಮ್ಮ, 9:14
(ವಾಯ್ಸ್ ಮೆಸೇಜ್, 1 ನಿಮಿಷ 42 ಸೆಕೆಂಡು)

ಶಿವಮೊಗ್ಗ ಅತ್ತೆ, 9:16
ಅತ್ತಿಗೆ ಏನು ಹೇಳಿದ್ದಾರೆ? ನನಗೆ ಸರಿಯಾಗಿ ಕೇಳಿಸುತ್ತಿಲ್ಲ. ಯಾರಾದರೂ ಟೈಪ್ ಮಾಡಿ.

ನಾನು, 9:31
ಅಮ್ಮ ಹೇಳಿದ್ದು: ‘ನೀನು ಹೇಳಿದ್ದು ಪೂರ್ತಿ ಸರಿಯಲ್ಲ. ನಾನು ಓದಿದ್ದೆಲ್ಲ ಬೇಸಿಗೆಯಲ್ಲೇ. ಹಪ್ಪಳ ಸಂಡಿಗೆ ಒಣಹಾಕಿದ ಮೇಲೆ ಕಾಗೆ ಕಾಯಲು ಯಾರಾದರೂ ತಾರಸಿ ಮೇಲೆ ಕೂರಬೇಕಿತ್ತು. ಆ ಕೆಲಸ ನನಗೇ ಕೊಡಿ ಅಂತ ಕೇಳಿ ತಗೊಳ್ಳುತ್ತಿದ್ದೆ. ಬಿಸಿಲಿಗೆ ಬೇರೆ ಯಾರೂ ಬರುತ್ತಿರಲಿಲ್ಲ. ನೀರಿನ ಟ್ಯಾಂಕಿನ ನೆರಳಿನಲ್ಲಿ ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಪುಸ್ತಕ. ಲೈಬ್ರರಿಯಿಂದ ಬಾಡಿಗೆಗೆ ತಂದದ್ದು, ಎರಡು ದಿನದಲ್ಲಿ ವಾಪಸ್ ಕೊಡಬೇಕು. ಸಂಡಿಗೆ ಒಣಗುವಷ್ಟು ಹೊತ್ತು ನನ್ನನ್ನು ಯಾರೂ ಕರೆಯುತ್ತಿರಲಿಲ್ಲ. ಬೆಳ್ಳಿಮೋಡ, ಬೆಕ್ಕಿನ ಕಣ್ಣು ಎಲ್ಲ ಓದಿದ್ದು ಹಾಗೇ. ಮಳೆ ಶುರುವಾದರೆ ನನ್ನ ಓದು ಮುಗಿಯಿತು. ಈಗ ನೀವು ಹಪ್ಪಳ ಅಂಗಡಿಯಿಂದ ತರುತ್ತೀರಿ, ಅದಕ್ಕೇ ನಿಮಗೆ ಹೊತ್ತು ಸಿಗುವುದಿಲ್ಲ.’

ಹಾಸನದ ಅಕ್ಕ, 9:33
ದೊಡ್ಡಮ್ಮ, ಇದನ್ನು ನಮಗೆ ಯಾವತ್ತೂ ಹೇಳಿರಲಿಲ್ಲ.

ಪುಟ್ಟಿ, 9:40
ದೊಡ್ಡಮ್ಮನ ಮಾತು ಕೇಳಿ ತುಂಬಾ ಖುಷಿಯಾಯಿತು. ಆದರೂ ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಎಲ್ಲ ಪುಸ್ತಕದಲ್ಲೂ ಹೆಣ್ಣು ಅಳಬೇಕಾ? ನಮ್ಮ ಪಿಜಿಯಲ್ಲಿ ನನ್ನ ರೂಮ್‌ಮೇಟ್ ಈ ತಿಂಗಳು ಎರಡು ಇಂಟರ್‌ವ್ಯೂನಲ್ಲಿ ಫೇಲಾಗಿ ಮಲಗಿದ್ದಾಳೆ. ಅವಳ ಕೈಗೆ ಶರಪಂಜರ ಕೊಡೋದಾ?

ನಾನು, 10:20
ಪುಟ್ಟಿ, ಇದನ್ನು ಈ ಗುಂಪಿನಲ್ಲಿ ಬರೆಯಬೇಕೋ ಬೇಡವೋ ಅಂತ ಅರ್ಧ ಗಂಟೆ ಯೋಚಿಸಿದೆ. ಬರೆಯುತ್ತೇನೆ. ಎಲ್ಲರೂ ಮನೆಯವರೇ.

ಚಿಕ್ಕವನು ಹುಟ್ಟಿದ ಮೇಲೆ ಮೂರು ತಿಂಗಳು ನಾನು ನಾನಾಗಿರಲಿಲ್ಲ. ಮಗು ಅತ್ತರೆ ಎದ್ದು ಎತ್ತಿಕೊಳ್ಳಲು ಆಗುತ್ತಿರಲಿಲ್ಲ. ನಿದ್ದೆ ಇಲ್ಲ. ಸ್ನಾನ ಮಾಡಿಸುವಾಗ ಕೈ ಜಾರಿಸಿಬಿಡುತ್ತೇನೇನೋ ಅನ್ನುವ ಭಯಕ್ಕೆ ಬಚ್ಚಲಮನೆಗೇ ಹೋಗುತ್ತಿರಲಿಲ್ಲ. ತೋರಿಸಿದ ಡಾಕ್ಟರು ಬಾಣಂತಿಯರಿಗೆ ಇದೆಲ್ಲ ಮಾಮೂಲು ಅಂತ ಕಬ್ಬಿಣದ ಮಾತ್ರೆ ಬರೆದುಕೊಟ್ಟು ಕಳಿಸಿದರು. ಪಕ್ಕದ ಮನೆಯವರು ಬಾಣಂತಿ ಸನ್ನಿ ಅಂದರು, ತಾಯತ ಬಂತು. ಆಗ ಅಮ್ಮನ ಬೀರುವಿನಲ್ಲಿ ಶರಪಂಜರ ಸಿಕ್ಕಿತು. ಹಗಲು ಕೂತು ಓದಲು ಆಗುತ್ತಿರಲಿಲ್ಲ, ರಾತ್ರಿ ಹೇಗೂ ನಿದ್ದೆ ಇಲ್ಲ, ಮೂರು ರಾತ್ರಿ ಓದಿದೆ.

ನೀನು ಅವಳು ಸೋತಳು ಅಂತೀಯ. ನಾನು ಓದಿದ್ದು ಬೇರೆ. ಬಾಣಂತನದ ಮೇಲೆ ಕಾವೇರಿಯ ಮನಸ್ಸು ಕೆಟ್ಟಿತು, ಆಸ್ಪತ್ರೆಗೆ ಹೋದಳು, ಗುಣವಾಗಿ ಮನೆಗೆ ಬಂದಳು. ಗುಣವಾಗಿ ಬಂದಳು, ಅದನ್ನು ಯಾಕೆ ಎಲ್ಲರೂ ಮರೆಯುತ್ತೀರಿ? ಕಾಯಿಲೆ ಅವಳನ್ನು ಸೋಲಿಸಲಿಲ್ಲ. ಮನೆಯವರು ಸೋಲಿಸಿದರು. ಅವಳು ಕೈಯಲ್ಲಿ ಏನು ಹಿಡಿದರೂ ಹುಚ್ಚಿ ಏನು ಮಾಡುತ್ತಾಳೋ ಅಂತ ನೋಡಿದರಲ್ಲ, ಆ ನೋಟ ಸೋಲಿಸಿತು. ತ್ರಿವೇಣಿ ಮನಃಶಾಸ್ತ್ರ ಓದಿದವರು. ಎಷ್ಟೋ ವರ್ಷ ಮೊದಲೇ ಅದನ್ನು ನಮ್ಮಂಥವರಿಗೆ ಅರ್ಥವಾಗುವ ಹಾಗೆ ಬರೆದಿಟ್ಟಿದ್ದರು.

ಓದಿ ಮುಗಿಸಿದ ಬೆಳಗ್ಗೆ ಪುಸ್ತಕವನ್ನು ಇವರ ಕೈಗೆ ಕೊಟ್ಟೆ. ನನಗೆ ಇದೇ ಆಗಿದೆ, ನನ್ನನ್ನು ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಆಮೇಲೆ ಈ ಗಂಡನ ಹಾಗೆ ಮಾತ್ರ ಆಗಬೇಡಿ ಅಂದೆ. ನನ್ನ ಬಾಯಲ್ಲಿ ಮಾತಿರಲಿಲ್ಲ, ಪುಸ್ತಕದಲ್ಲಿ ಇತ್ತು. ಅದೇ ವಾರ ಹೋದೆವು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ತಾಯಂದಿರನ್ನು ಮಗುವಿನ ಜೊತೆಗೇ ಸೇರಿಸಿಕೊಳ್ಳುವ ವಾರ್ಡ್ ಇದೆ ಅಂತ ನನಗೆ ಗೊತ್ತಾದದ್ದೂ ಆಗಲೇ. ನನಗೆ ಅಲ್ಲಿವರೆಗೆ ಹೋಗಬೇಕಾಗಲಿಲ್ಲ, ಮಾತ್ರೆಯಲ್ಲೇ ಸರಿಹೋಯಿತು. ಆ ಪುಸ್ತಕದ ಕೊನೆ ಸುಖವಾಗಿದ್ದಿದ್ದರೆ ಇವರು ಅಷ್ಟು ಹೆದರುತ್ತಿರಲಿಲ್ಲ, ನಾನೂ ಅಷ್ಟು ಬೇಗ ಹೋಗುತ್ತಿರಲಿಲ್ಲ. ಇದಕ್ಕೆ ಸ್ಫೂರ್ತಿ ಅನ್ನದೆ ಬೇರೆ ಏನು ಅನ್ನಲಿ?

ಹಾಸನದ ಭಾವ, 10:34
ನಮಗೆ ಯಾರಿಗೂ ಗೊತ್ತಿರಲಿಲ್ಲಮ್ಮ. ಬರೆದದ್ದು ಒಳ್ಳೆಯದಾಯಿತು. ಬೆಳಗ್ಗೆ ನಾನು ಹೇಳಿದ ಮಾತನ್ನು ವಾಪಸ್ ತಗೋತೀನಿ.

ಪುಟ್ಟಿ, 10:36
ಅಕ್ಕಾ. ಫೋನ್ ಮಾಡಲಾ?

ನಾನು, 10:37
ಸಂಜೆ ಮಾಡು. ಈಗ ಒಲೆ ಮೇಲೆ ಸಾರು ಇದೆ.

ಶಿವಮೊಗ್ಗ ಅತ್ತೆ, 11:05
ನಿನ್ನ ಮೆಸೇಜನ್ನು ಎರಡು ಸಲ ಓದಿದೆ. ತ್ರಿವೇಣಿ ಹೋದದ್ದೂ ಬಾಣಂತನದಲ್ಲೇ, ಮಗಳು ಹುಟ್ಟಿದ ಕೆಲವೇ ದಿನಕ್ಕೆ, 1963ರ ಜುಲೈನಲ್ಲಿ. 34 ವರ್ಷ. ಇನ್ನು ಹತ್ತು ವರ್ಷ ಇದ್ದಿದ್ದರೆ ಏನೇನು ಬರೆಯುತ್ತಿದ್ದರೋ ಅಂತ ಈಗಲೂ ಸಂಕಟ ಆಗುತ್ತದೆ.

ಶಿವಮೊಗ್ಗ ಅತ್ತೆ, 11:22
ಪುಟ್ಟಿ, ಫಣಿಯಮ್ಮನ ವಿಷಯ ನಾನು ಹೇಳುತ್ತೇನೆ. ಅದು ಕಟ್ಟುಕಥೆ ಅಲ್ಲ, ಇಂದಿರಾ ಅವರ ಮನೆತನದಲ್ಲೇ ಬದುಕಿದ್ದ ಹೆಂಗಸು. 112 ವರ್ಷ ಇದ್ದರಂತೆ. ತಲೆ ಬೋಳಿಸಿಕೊಂಡು, ಒಪ್ಪೊತ್ತು ಊಟ ಮಾಡಿಕೊಂಡು, ಇಡೀ ಮನೆಯ ಬಾಣಂತನ ಮಾಡಿದವರು. ಮಡಿ ಮೈಲಿಗೆ ಅಂತಿದ್ದ ಆ ಕಾಲದಲ್ಲಿ, ಕೇರಿಯ ಹೆಂಗಸಿಗೆ ಹೆರಿಗೆ ಕಷ್ಟವಾದಾಗ ಹೋಗಿ ಕೈಯಾರೆ ಮಗು ತೆಗೆದರು. ದಾಕ್ಷಾಯಿಣಿ ಅನ್ನುವ ಹುಡುಗಿ ಗಂಡ ಸತ್ತ ಮೇಲೆ ನಾನು ತಲೆ ಬೋಳಿಸಿಕೊಳ್ಳುವುದಿಲ್ಲ ಅಂತ ನಿಂತಾಗ, ತಾನು ಇಡೀ ಜನ್ಮ ಆ ಕಷ್ಟ ಉಂಡಿದ್ದರೂ ನನಗಾದದ್ದು ನಿನಗೂ ಆಗಲಿ ಅನ್ನಲಿಲ್ಲ. ಆ ಹುಡುಗಿಯ ಪರ ನಿಂತರು. ನಮ್ಮಲ್ಲಿ ಎಷ್ಟು ಅತ್ತೆಯರಿಗೆ ಅದು ಬರುತ್ತದೆ ಹೇಳು.

ನಾನು ಓದಿದಾಗ ನನಗೆ ಇಪ್ಪತ್ತು. ಆಗ ನಮ್ಮ ಮನೆಯಲ್ಲೂ ಒಬ್ಬರಿದ್ದರು. ಮಡಿ ಅಜ್ಜಿ. ನನ್ನ ಅಜ್ಜಿಯ ಅಕ್ಕ. ಕೆಂಪು ಸೀರೆ, ಬೋಳು ತಲೆ, ಹಿತ್ತಲ ಬಾಗಿಲ ಹತ್ತಿರ ಒಂದು ಚಾಪೆ. ನನ್ನನ್ನು ಎತ್ತಿ ಆಡಿಸಿದವರು, ಆದರೆ ಅವರ ಹೆಸರು ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಅನ್ನುವುದೂ ಗೊತ್ತಿರಲಿಲ್ಲ. ಪುಸ್ತಕ ಮುಚ್ಚಿಟ್ಟು ಹಿತ್ತಲಿಗೆ ಹೋಗಿ ಕೇಳಿದೆ, ಅಜ್ಜಿ ನಿಮ್ಮ ಹೆಸರೇನು ಅಂತ. ಬತ್ತಿ ಹೊಸೆಯುತ್ತಿದ್ದವರು ಕೈ ನಿಲ್ಲಿಸಿದರು. ಯಾಕೆ ಮಗಾ, ಯಾರಾದರೂ ಕೇಳಿದರಾ ಅಂದರು.

ಪುಟ್ಟಿ, 11:24
ಆಮೇಲೆ? ಹೇಳಿದರಾ?

ಶಿವಮೊಗ್ಗ ಅತ್ತೆ, 11:26
ಹೇಳಿದರು. ನಿನ್ನ ಮಾರ್ಕ್ಸ್ ಕಾರ್ಡಿನಲ್ಲಿ ಇದೆಯಲ್ಲ, ಆ ಹೆಸರು. ಅದನ್ನು ಇಡೋಣ ಅಂತ ನಿನ್ನ ಅಪ್ಪನಿಗೆ ಹೇಳಿದವಳು ನಾನೇ.

ಮೈಸೂರು ಚಿಕ್ಕಪ್ಪ, 11:30
ಅಕ್ಕ, ನೀನು ಹಳೆಯ ಕಾಲದ ಹೆಸರು ಅಂತ ಅಷ್ಟೇ ಹೇಳಿದ್ದೆ.

ಶಿವಮೊಗ್ಗ ಅತ್ತೆ, 11:31
ನೀನು ಕೇಳಿದ್ದು ಅಷ್ಟೇ.

ಪುಟ್ಟಿ, 11:58
ಸ್ವಲ್ಪ ಹೊತ್ತು ಏನೂ ಟೈಪ್ ಮಾಡಲು ಆಗಲಿಲ್ಲ. ಅತ್ತೆ, ನಾನು ಫಣಿಯಮ್ಮ ಓದುತ್ತೇನೆ. ನಿಜ ಹೇಳಬೇಕೆಂದರೆ ಪೂರ್ತಿ ಓದಿರಲಿಲ್ಲ, ಕ್ಲಾಸಿನಲ್ಲಿ ಸಾರಾಂಶ ಬರೆದುಕೊಂಡಿದ್ದೆ. ಆದರೆ ನನ್ನ ಮಾತು ನಾನು ಬಿಡುವುದಿಲ್ಲ. ನಮ್ಮ ವಯಸ್ಸಿನವರಿಗೆ ಗೆಲ್ಲುವ ಹೆಂಗಸರ ಕಾದಂಬರಿಯೂ ಬೇಕು. ಬರೀ ತಡೆದುಕೊಂಡವರ ಕಥೆ ಓದಿ ಓದಿ, ತಡೆದುಕೊಳ್ಳುವುದೇ ದೊಡ್ಡತನ ಅಂತ ಆಗಿಬಿಡುತ್ತದೆ. ನನ್ನ ರೂಮ್‌ಮೇಟ್‌ಗೆ ಅದನ್ನು ಹೇಳಲು ನನಗೆ ಇಷ್ಟ ಇಲ್ಲ.

ಹಾಸನದ ಅಕ್ಕ, 12:06
ಪುಟ್ಟಿ ಹೇಳಿದ್ದರಲ್ಲೂ ಸತ್ಯ ಇದೆ. ಆದರೆ ಎದೆಯ ಹಣತೆಯಲ್ಲಿ ಆ ತಾಯಿಯನ್ನು ನಿಲ್ಲಿಸುವುದು ಯಾರು? ಅವಳ ಮಗಳು. ತವರಿನವರು ಮಾಡದೇ ಇದ್ದದ್ದನ್ನು ಆ ಹುಡುಗಿ ಮಾಡುತ್ತಾಳೆ. ಆ ಹುಡುಗಿ ತಡೆದುಕೊಂಡವಳಲ್ಲ, ತಡೆದವಳು. ನಿನ್ನ ರೂಮ್‌ಮೇಟ್‌ಗೆ ಅದನ್ನು ಕೊಡು. ಒಂದು ಸಲ ಕೂತರೆ ಓದಿ ಮುಗಿಯುತ್ತದೆ.

ಶಿವಮೊಗ್ಗ ಅತ್ತೆ, 12:10
ಹಣ್ಣೆಲೆ ಚಿಗುರಿದಾಗ ಕೂಡ ಕೊಡು. ಗಂಡ ಸತ್ತ ಹುಡುಗಿಗೆ ಇನ್ನೊಂದು ಬದುಕು ಬೇಡವಾ ಅಂತ ಕೇಳುವ ಪುಸ್ತಕ ಅದು. ಶರಪಂಜರ ಬರೆದ ಕೈಯೇ ಅದನ್ನೂ ಬರೆದದ್ದು.

ಮೈಸೂರು ಚಿಕ್ಕಪ್ಪ, 12:40
ಸರಿ. ಪಟ್ಟಿ ತಿದ್ದಿ ಹಾಕುತ್ತಿದ್ದೇನೆ. ಮೇಲಿನ ಸಾಲು ತೆಗೆದಿದ್ದೇನೆ. ರಜೆ ಮುಗಿದ ಮೇಲೆ ಓದಲು, ಅಂತ ಬರೆದಿದ್ದೇನೆ. ಹೆಣ್ಣುಮಕ್ಕಳು ಅನ್ನುವುದನ್ನೂ ತೆಗೆದೆ, ಮನೆಯವರೆಲ್ಲ ಅಂತ ಹಾಕಿದೆ. ಶರಪಂಜರ ನಾನು ಸಿನಿಮಾ ನೋಡಿದ್ದು ಬಿಟ್ಟರೆ ಓದಿಲ್ಲ. ಮೊದಲು ನಾನು ಓದುತ್ತೇನೆ. ಯಾರ ಹತ್ತಿರ ಇದೆ?

ನಾನು, 12:44
ನನ್ನ ಹತ್ತಿರ. ಅಂಚಿನಲ್ಲಿ ನಾನು ಪೆನ್ಸಿಲಿನಲ್ಲಿ ಬರೆದದ್ದೆಲ್ಲ ಇದೆ ಚಿಕ್ಕಪ್ಪ. ಓದಿ, ಪರವಾಗಿಲ್ಲ.

ಪುಟ್ಟಿ, 12:45
ಫಣಿಯಮ್ಮ ಯಾರ ಹತ್ತಿರ?

ಶಿವಮೊಗ್ಗ ಅತ್ತೆ, 12:47
ನನ್ನ ಪ್ರತಿಯನ್ನು ಅತ್ತಿಗೆ ತಗೊಂಡು ಹೋಗಿ ಮೂವತ್ತು ವರ್ಷ ಆಯಿತು. ವಾಪಸ್ ಬಂದಿಲ್ಲ.

ನಾನು, 13:02
ಅಮ್ಮನ ಟ್ರಂಕಿನಲ್ಲಿ ಸಿಕ್ಕಿತು ಅತ್ತೆ. ನಿಮ್ಮ ಹೆಸರು, ಕಾಲೇಜು, ತಾರೀಕು ಎಲ್ಲ ಮೊದಲ ಪುಟದಲ್ಲಿ ಇದೆ. ಪುಟ್ಟಿ ಓದಿದ ಮೇಲೆ ನಿಮಗೇ ಬರುತ್ತದೆ. ಇವರು ಬುಧವಾರ ಬೆಂಗಳೂರಿಗೆ ಹೋಗುತ್ತಿದ್ದಾರೆ, ಪಿಜಿ ಹತ್ತಿರವೇ ಕೊಡುತ್ತಾರೆ.

ಅಮ್ಮ, 13:10
(ವಾಯ್ಸ್ ಮೆಸೇಜ್, 9 ಸೆಕೆಂಡು)

ನಾನು, 13:11
ಎರಡು ಪ್ಲಾಸ್ಟಿಕ್ ಕವರ್ ಹಾಕಿ ಕೊಡು, ಮಳೆ ಹಿಡಿದಿದೆ ಅಂತಿದ್ದಾಳೆ.