‘ಟೆಂಪರಮೆಂಟ್’ಗೆ ಕನ್ನಡದಲ್ಲಿ ಏನಂತೀರಿ? ‘ಕೊಸರು’ ನಡೆಯುತ್ತಾ?

ಎಲ್ಲರಿಗೂ ನಮಸ್ಕಾರ. ಕೀಬೋರ್ಡಿನ ಸ್ವರಗಳ ಲೆಕ್ಕದ ಬಗ್ಗೆ ಒಂದು ಚಿಕ್ಕ ಲೇಖನ ಬರೀತಿದೀನಿ, ‘ಈಕ್ವಲ್ ಟೆಂಪರಮೆಂಟ್’ (12 ಸ್ವರಗಳ ನಡುವಿನ ಅಂತರಾನ ಒಂದೇ ಸಮ ಇಡೋ ಪದ್ಧತಿ) ಅನ್ನೋ ಕಡೆ ಬಂದು ಸಿಕ್ಕಾಕೊಂಡಿದೀನಿ. ಡಿಕ್ಷನರೀಲಿ ಟೆಂಪರಮೆಂಟ್ ಅಂದ್ರೆ ಮನೋಧರ್ಮ. ಆದ್ರೆ ಕಛೇರೀಲಿ ಮನೋಧರ್ಮ ಅಂದ್ರೆ ಆ ಕ್ಷಣಕ್ಕೆ ಹೊಳೆದಿದ್ದನ್ನ ಕಟ್ಟಿ ಹಾಡೋದು. ‘ಸಮ ಮನೋಧರ್ಮ’ ಅಂತ ಬರೆದ್ರೆ ಕಛೇರಿ ಕೇಳೋರು ಯಾರೋ ಇಬ್ರು ವಿದ್ವಾಂಸರು ಜಿದ್ದಿಗೆ ಬಿದ್ದು ಕಲ್ಪನಾಸ್ವರ ಹಾಕ್ತಿದ್ದಾರೆ ಅಂದ್ಕೋತಾರೆ!

‘ಸಮಶ್ರುತಿ’ ಅನ್ನೋಣ ಅಂದ್ರೆ ಶ್ರುತಿ ಪದದ ಮೇಲೆ ಆಗಲೇ ಬೇಕಾದಷ್ಟು ಹೊರೆ ಇದೆ. ವೇದಾನೂ ಶ್ರುತಿ, ಆಧಾರ ಷಡ್ಜಾನೂ ಶ್ರುತಿ, ಶಾಸ್ತ್ರ ಹೇಳೋ 22 ಸೂಕ್ಷ್ಮ ಸ್ವರಗಳಲ್ಲಿ ಒಂದೊಂದೂ ಶ್ರುತಿ, ತಂಬೂರಿ ತಂತಿ ಸೇರಿಸೋದೂ ಶ್ರುತಿ ಮಾಡೋದೇ. ವೀಣೆಗೆ ಮೇಣದ ಮೇಲೆ ಮೆಟ್ಟಿಲು ಕೂರಿಸೋದಕ್ಕೆ ‘ಮೇಳ ಕಟ್ಟೋದು’ ಅಂತಾರಲ್ಲ, ಅದು ಚೆನ್ನಾಗಿದೆ, ಆದ್ರೆ ಮೇಳ ಅಂದ ಕೂಡ್ಲೇ ವೆಂಕಟಮಖಿಯ 72 ಮೇಳಕರ್ತ ರಾಗಗಳು ನೆನಪಾಗುತ್ತೆ, ಕರಾವಳಿಯವರಿಗಂತೂ ಯಕ್ಷಗಾನ.

ವಿಷಯ ಇಷ್ಟು. ಸ ಇಂದ ಪ ಗೆ ಹೋಗೋಕೆ ಕಂಪನದ ಸಂಖ್ಯೆನ ಒಂದೂವರೆಯಿಂದ ಗುಣಿಸ್ಬೇಕು. ಸಿಕ್ಕ ಪ ನೇ ಸ ಮಾಡ್ಕೊಂಡು ಹೀಗೇ 12 ಸಲ ಹತ್ತಿದ್ರೆ ಏಳು ಸ್ಥಾಯಿ ಮೇಲಿನ ಸ ಸಿಗ್ಬೇಕು, ಒಂದೊಂದು ಸ್ಥಾಯಿ (ಸ ಇಂದ ಮೇಲಿನ ಸ) ಹತ್ತಿದಾಗ್ಲೂ ಕಂಪನ ಎರಡರಷ್ಟಾಗೋದ್ರಿಂದ ಅದು ಮೊದಲಿನ 128ರಷ್ಟು, ಆದ್ರೆ ಬರೋದು 129.75ರ ಹತ್ರ. ಈ ಮಿಕ್ಕಿದ್ದಕ್ಕೆ ‘ಪೈಥಾಗೊರಸ್ ಕಾಮಾ’ ಅಂತಾರೆ, ಸ್ಥಾಯಿಗೆ 1200 ಸೆಂಟ್ ಅಂತ ಇಟ್ಕೊಂಡ್ರೆ ಇದು ಸುಮಾರು 23.5. ಇದನ್ನ 12 ಪಂಚಮಗಳ ಮೇಲೂ ಸಮವಾಗಿ ಹಂಚಿ ಒಂದೊಂದರಿಂದ 2 ಸೆಂಟಿನಷ್ಟು ಇಳಿಸಿದ್ರೆ ಅದೇ ಇವತ್ತಿನ ಕೀಬೋರ್ಡು. ಪಂಚಮಕ್ಕೇನೂ ಅಷ್ಟು ಪೆಟ್ಟಿಲ್ಲ, ಅಂತರ ಗಾಂಧಾರ (ಮೇಲಿನ ಗ) ಮಾತ್ರ ಸ ಇಂದ 386 ಸೆಂಟಲ್ಲಿ ಇರ್ಬೇಕಾದ್ದು 400ಕ್ಕೆ ಹೋಗಿ ಕೂರುತ್ತೆ, ಚೆನ್ನಾಗಿ ಸೇರಿದ ತಂಬೂರೀಲಿ ತಾನಾಗೇ ಕೇಳೋ ಗಾಂಧಾರದ ಜೊತೆ ಹೋಲಿಸಿ ನೋಡಿ, ಕಿವಿಗೇ ಗೊತ್ತಾಗುತ್ತೆ.

ಆ ಕಾಮಾಗೆ ನನಗೆ ಹೊಳೆದಿದ್ದು ‘ಕೊಸರು’. ತರಕಾರಿಯವರು ತೂಕ ಆದ್ಮೇಲೆ ಒಂದೆರಡು ಬೀನ್ಸ್ ಜಾಸ್ತಿ ಹಾಕ್ತಾರಲ್ಲ, ಅದು. ಹಾಗಾಗಿ ಈಕ್ವಲ್ ಟೆಂಪರಮೆಂಟ್ ಅಂದ್ರೆ ‘ಕೊಸರು ಹಂಚಿದ ಶ್ರುತಿ’. ಸ್ವಲ್ಪ ಉದ್ದ ಆಯ್ತು ನಿಜ. ಮನೇಲಿ ಅಮ್ಮನಿಗೆ ಹೇಳಿದ್ರೆ, ‘ಕೊಸರು ಅಂದ್ರೆ ಕೊಡೋದು ಕಣೋ, ನೀನಿಲ್ಲಿ ಕಿತ್ಕೊಳ್ತಿದೀಯಲ್ಲ’ ಅಂದ್ರು, ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಮಿಕ್ಕಿದ್ದನ್ನ ಎಲ್ಲರಿಂದ ಚೂರುಚೂರು ಕತ್ತರಿಸಿ ಸರಿದೂಗಿಸೋದಕ್ಕೆ ನಿಮ್ಮ ಕಡೆ ಬೇರೆ ಮಾತು ಇದೆಯಾ? ಧಾರವಾಡದ ಕಡೆ ಪೇಟಿ (ಹಾರ್ಮೋನಿಯಂ) ರಿಪೇರಿ ಮಾಡೋರು ಏನಂತಾರೆ?