ಕಳಸದಲ್ಲೇ ಉಳಿದು ಸುತ್ತಮುತ್ತ ನೋಡಬಹುದಾ?

ಪ್ರಶ್ನೆ: ಅಕ್ಟೋಬರ್‌ನಲ್ಲಿ ಅಪ್ಪ ಅಮ್ಮನ ಜೊತೆ 3 ದಿನ ಮಲೆನಾಡಿಗೆ ಹೊರಟಿದ್ದೇವೆ. ದಿನಾ ರೂಮು ಬದಲಿಸುವುದು ಅವರಿಗೆ ಕಷ್ಟ. ಕಳಸದಲ್ಲೇ ಉಳಿದು ಹೊರನಾಡು, ಶೃಂಗೇರಿ, ಕುದುರೆಮುಖ ನೋಡಬಹುದಾ?

ಉತ್ತರ: ಖಂಡಿತ. ಭದ್ರಾ ನದಿ ಪಕ್ಕದ ಪುಟ್ಟ ಊರು, ತುಂಬಾ ಚೆನ್ನಾಗಿದೆ. ಹೊರನಾಡು ಬರೀ 8 ಕಿ.ಮೀ., ಮಧ್ಯಾಹ್ನದ ಊಟ ಅನ್ನಪೂರ್ಣೇಶ್ವರಿ ದೇವಸ್ಥಾನದಲ್ಲೇ ಮಾಡಿ. ಶೃಂಗೇರಿಗೆ ಮಾತ್ರ ಪೂರ್ತಿ ಒಂದು ದಿನ ಇಡಿ, ದಾರಿಯಲ್ಲಿ ತಿರುವು ಜಾಸ್ತಿ, ಅವಸರ ಮಾಡಿದರೆ ದೊಡ್ಡವರಿಗೆ ಸುಸ್ತಾಗುತ್ತದೆ.

ಇನ್ನೊಂದು ಉತ್ತರ: ಕುದುರೆಮುಖ ಹತ್ತುವುದಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು. ಅಪ್ಪ ಅಮ್ಮನಿಗೆ ಅದು ಬೇಡ. ಸಂಸೆಯ ಚಹಾ ತೋಟದ ಕಡೆ ಕಾರಲ್ಲಿ ನಿಧಾನಕ್ಕೆ ಹೋಗಿ ಬನ್ನಿ, ಖುಷಿಪಡುತ್ತಾರೆ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್! ಆಗಲೂ ಇಂಬಳ (ಜಿಗಣೆ) ಇರುತ್ತದಾ?

ಉತ್ತರ: ಮಳೆ ಬಿದ್ದರೆ ತೋಟದೊಳಗೆ ಇರುತ್ತದೆ. ಉಪ್ಪು ಇಟ್ಟುಕೊಳ್ಳಿ.