ಅಪ್‌ಡೇಟ್: 1971ರ ಪದಕಗಳಿಗೆ ಹುಣಸೆಹುಳಿ ಹಚ್ಚಲಿಲ್ಲ, ಒಳ್ಳೇದಾಯ್ತು

ತೀರ್ಥಹಳ್ಳಿ ಕಡೆಯ ಹಿರಿಯ ಮಾಜಿ ಸೈನಿಕರೊಬ್ಬರನ್ನು 1971ರ ಭಾರತ-ಪಾಕ್ ಯುದ್ಧ ಗೆದ್ದ ನೆನಪಿನ ಡಿಸೆಂಬರ್ 16ರ ವಿಜಯ ದಿವಸಕ್ಕೆ ಸನ್ಮಾನಿಸಬೇಕು, ಅವರ ಪದಕಗಳಿಗೆ ಕಿಲುಬು ಹಿಡಿದಿದೆ, ರಿಬ್ಬನ್‌ಗೆ ಬೂಸ್ಟು ಬಂದಿದೆ, ಏನು ಮಾಡಲಿ ಎಂದು ಕೇಳಿದ್ದೆ. ಕೆಲಸ ಮುಗಿದಿದೆ.

ಮೊದಲು ಡಿಸ್ಚಾರ್ಜ್ ಬುಕ್ (ಸೇನೆ ಬಿಟ್ಟಾಗ ಕೊಡುವ ಸೇವಾ ದಾಖಲೆ) ತೆಗೆದು ಪದಕಗಳ ಪುಟ ನೋಡಿ. ಪೂರ್ವದ ರಣರಂಗದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದವರಿಗೆ ಪಶ್ಚಿಮಿ ಸ್ಟಾರ್. ಆ ಯುದ್ಧಕಾಲದ ಸೇವೆಗೆ ಕೊಟ್ಟ ಸಂಗ್ರಾಮ್ ಮೆಡಲ್ ಬೇರೆಯದೇ. ಊಹೆಯ ಮೇಲೆ ಅಂಗಡಿಯಿಂದ ತಂದು ತೊಡಿಸಿದರೆ ಅದು ಮರ್ಯಾದೆಯಲ್ಲ, ಅವಮಾನ.

ಸ್ವಚ್ಛ ಮಾಡುವಾಗ ಹುಣಸೆಹುಳಿ, ನಿಂಬೆ, ಬ್ರಾಸೋ ಮೂರೂ ಬೇಡ. ಹುಳಿ ಲೋಹವನ್ನು ತಿನ್ನುತ್ತದೆ; ಪಾಲಿಶ್ ತಿಕ್ಕಿದಷ್ಟೂ ಕೆತ್ತಿದ ಸೈನಿಕ ಸಂಖ್ಯೆ, ಹೆಸರು ಸವೆಯುತ್ತವೆ. ಆ ಅಕ್ಷರ ಹೋದರೆ ಪದಕ ಯಾರದೆಂಬ ಸಾಕ್ಷಿಯೇ ಹೋದಂತೆ. ಒಣ ಮೆತ್ತನೆ ಬ್ರಷ್‌ನಿಂದ ಧೂಳು ತೆಗೆದು, ಹಸಿರು ಕಿಲುಬನ್ನು ಬಿದಿರುಕಡ್ಡಿಯ ತುದಿಯಿಂದ ಮೆಲ್ಲಗೆ ಎಬ್ಬಿಸಿದರೆ ಸಾಕು. ಕಂದುಬಣ್ಣ ಹಾಗೇ ಇರಲಿ, ಅದು ವಯಸ್ಸಿನ ಬಣ್ಣ.

ಬೂಸ್ಟು ಬಂದ ರಿಬ್ಬನ್ ಬದಲು ಹೊಸದು ಹಾಕಿ; ಅಗಲ 32 ಮಿ.ಮೀ. ನಾಲ್ಕು ಪದಕ ಒತ್ತಿಗಿಟ್ಟರೆ ಪಟ್ಟಿ 128 ಮಿ.ಮೀ. ಎಡ ಎದೆಯ ಮೇಲೆ, ದರ್ಜೆಯಲ್ಲಿ ಹಿರಿಯ ಪದಕ ಎದೆಯ ನಡುಭಾಗಕ್ಕೆ ಹತ್ತಿರ: ಪೂರ್ವಿ ಸ್ಟಾರ್, ಸಂಗ್ರಾಮ್, ಸೈನ್ಯ ಸೇವಾ ಮೆಡಲ್, ಕೊನೆಗೆ ಸ್ವಾತಂತ್ರ್ಯದ 25ನೇ ವಾರ್ಷಿಕೋತ್ಸವದ ಪದಕ. ಹಳೇ ರಿಬ್ಬನ್ ಎಸೆಯದೆ ಕಾಗದದಲ್ಲಿ ಸುತ್ತಿಡಿ.

ನಮ್ಮ ಮಳೆಗಾಲಕ್ಕೆ ಗೋಡೆಗೆ ತೂಗಿದ ಫ್ರೇಮ್ ತಡೆಯೋದಿಲ್ಲ. ಬಿಗಿಮುಚ್ಚಳದ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ. ಜೆಲ್ ಹರಳಿನ ಬಣ್ಣ ತಿರುಗಿದಾಗ ಬದಲಿಸಿ.